ಘಳಿಗೆ ಮುರಿದವಳು

ಜನರೆಂದರೆ ನನಗೆ ಹೆದರಿಕೆ. ಬನಹಟ್ಟಿಯ ಜವಳಿ ಅಂಗಡಿಯವನ ಮಗಳು ಈ ಮಾತು ಹೇಳಬಾರದು, ಆದರೆ ಖರೆ. ಒಬ್ಬರು ಬಂದರೆ ತಡೆದುಕೊಂಡೇನು, ಇಬ್ಬರು ಬಂದರೂ ಹೇಗೋ ನಡೆದೀತು. ಹೊಸ್ತಿಲ ಹೊರಗೆ ಚಪ್ಪಲಿ ರಾಶಿ ಬೀಳುವಷ್ಟು ಮಂದಿ ಒಮ್ಮೆಲೇ ಒಳಗೆ ನುಗ್ಗಿದರೆ ಮಾತ್ರ ಅಂಗೈ ಒದ್ದೆಯಾಗುತ್ತದೆ. ಒದ್ದೆ ಅಂಗೈಯಿಂದ ರೇಷ್ಮೆ ಮುಟ್ಟಬಾರದು. ಹೀಗಾಗಿ ಕಾಲೇಜು ಮುಗಿಯುವವರೆಗೂ ನಾನು ನಮ್ಮ ಅಂಗಡಿಯ ಗಾದಿ ಹತ್ತಿ ವ್ಯಾಪಾರ ಮಾಡಿದವಳೇ ಅಲ್ಲ. ಬಿಳಿ ಹೊದಿಕೆಯ ಆ ಉದ್ದನೆಯ ಗಾದಿ ಅಪ್ಪನ ರಾಜ್ಯ. ನಾನು ಹಿಂದಿನ ಕೋಣೆಯಲ್ಲಿ ಕೂತು ಸೀರೆಗಳಿಗೆ ಚೀಟಿ ಅಂಟಿಸುತ್ತಿದ್ದೆ.

ಜಮಖಂಡಿಗೆ ದಿನಾ ಬಸ್ಸಿನಲ್ಲಿ ಓಡಾಡಿ ಬಿಬಿಎ ಮುಗಿಸಿದೆ. ಗೆಳತಿಯರಲ್ಲಿ ಕೆಲವರು ಹುಬ್ಬಳ್ಳಿಗೆ ಹೋದರು, ಕೆಲವರು ಬ್ಯಾಂಕಿನ ಪರೀಕ್ಷೆಗೆ ಕೂತರು, ಒಬ್ಬಳು ಮುಧೋಳದಲ್ಲಿ ಬ್ಯೂಟಿ ಪಾರ್ಲರ್ ತೆಗೆದಳು. ಎಲ್ಲರೂ ನನಗೆ ಹೇಳಿದ್ದು ಒಂದೇ ಮಾತು. ‘ನಿನಗೇನವಾ ಚಿಂತಿ, ನಿಮ್ಮದ ಅಂಗಡಿ ಐತಿ.’ ಆ ಅಂಗಡಿಯೇ ನನ್ನ ಚಿಂತೆ ಎಂದು ಯಾರ ಮುಂದೆ ಹೇಳಲಿ? ಗಿರಾಕಿಯ ಮನಸ್ಸಿನ ಬಗ್ಗೆ ಒಂದು ಇಡೀ ಪೇಪರು ಓದಿ ಒಳ್ಳೆಯ ಅಂಕ ತೆಗೆದಿದ್ದೆ. ನಿಜವಾದ ಗಿರಾಕಿ ಎದುರು ಬಂದು ‘ಏನ್ ತಂಗಿ, ಇದರಾಗ ಬ್ಯಾರೆ ಬಣ್ಣ ಐತೇನು?’ ಎಂದರೆ ನಾನು ಹಿಂದಿನ ಕೋಣೆಗೆ ಸರಿದುಬಿಡುತ್ತಿದ್ದೆ.

ಆ ಚಳಿಗಾಲ ಅಪ್ಪನ ಕಣ್ಣಿಗೆ ಪೊರೆ ಬಂದು ಆಪರೇಶನ್ ಆಯಿತು. ಹಸಿರು ಪಟ್ಟಿ ಕಟ್ಟಿಕೊಂಡು ಅಂಗಡಿಯ ಮೇಲಿನ ಮನೆಯಲ್ಲಿ ಮಲಗಿದರು. ಧೂಳು ತಾಗಬಾರದು, ಬಗ್ಗಬಾರದು, ಸಿಟ್ಟಾಗಬಾರದು ಎಂದು ಡಾಕ್ಟರು ಹೇಳಿದ್ದರು. ಮೂರನೆಯದು ಅಪ್ಪನಿಂದ ಆಗುವ ಮಾತಲ್ಲ. ಲಗ್ನದ ದಿನಗಳು ಬಾಗಿಲಿಗೆ ಬಂದಿದ್ದವು. ಮಹಾಲಿಂಗಪುರದ ಒಂದು ಮನೆಯವರು ಬಸ್ತಾಕ್ಕೆ ಬರುತ್ತೇವೆಂದು ಮೊದಲೇ ಹೇಳಿ ಕಳಿಸಿದ್ದರು.

ಬಸ್ತಾ ಎಂದರೆ ಮದುವೆಯ ಜವಳಿ ಕೊಳ್ಳುವುದು. ನಮ್ಮ ಕಡೆ ಇದು ಅಂಗಡಿಗೆ ಹೋಗಿ ಸೀರೆ ಆರಿಸಿ ಬರುವಷ್ಟು ಸರಳ ಕೆಲಸವಲ್ಲ. ಎರಡೂ ಕಡೆಯ ಬೀಗರು ಒಂದೇ ಗಾದಿಯ ಮೇಲೆ ಎದುರುಬದುರು ಕೂಡುತ್ತಾರೆ. ಹುಡುಗಿಯ ಸೀರೆಗಳನ್ನು ಹುಡುಗನ ಕಡೆಯವರು, ಹುಡುಗನ ಬಟ್ಟೆಗಳನ್ನು ಹುಡುಗಿಯ ಕಡೆಯವರು ತೆಗೆಯಬೇಕು. ಮೊದಲು ತೆಗೆಯುವುದು ಮುಹೂರ್ತದ ಸೀರೆ. ಅದಕ್ಕೆ ಮುತ್ತೈದೆಯರು ಅರಿಷಿಣ ಕುಂಕುಮ ಹಚ್ಚಿದ ಮೇಲೆಯೇ ಉಳಿದದ್ದು. ಬೆಳಿಗ್ಗೆ ಕೂತವರು ನಮ್ಮ ಮನೆಯ ಉಪ್ಪಿಟ್ಟು ತಿಂದು, ಚಹಾದ ಮೇಲೆ ಚಹಾ ಕುಡಿದು, ಸಂಜೆ ಗಂಟು ಕಟ್ಟಿಸಿಕೊಂಡು ಏಳುತ್ತಾರೆ. ನಿಶ್ಚಯದಲ್ಲಿ ನುಂಗಿಕೊಂಡ ಸಿಟ್ಟೆಲ್ಲ ಹೊರಗೆ ಬರುವುದೂ ಇಲ್ಲೇ. ಬಸ್ತಾದ ಗಾದಿಯಿಂದ ಒಂದು ಕಡೆಯವರು ಬರಿಗೈಯಲ್ಲಿ ಇಳಿದುಹೋದರೆ ಸಂಬಂಧ ಮುರಿಯಿತೆಂದೇ ಲೆಕ್ಕ. ಸಂಬಂಧ ಮುರಿದ ಗಾದಿಗೆ ಮತ್ತೆ ಯಾರೂ ಮುಹೂರ್ತದ ಸೀರೆಗೆ ಬರುವುದಿಲ್ಲ. ಯಾವುದೋ ಊರಿನ ಯಾವುದೋ ಅಂಗಡಿಗೆ ಹಾಗೆ ಆಗಿತ್ತಂತೆ ಎಂದು ಅಪ್ಪ ಹೇಳುತ್ತಿದ್ದರು. ಸಣ್ಣವಳಿದ್ದಾಗ ನನಗೆ ದೆವ್ವದ ಕಥೆಗಿಂತ ಆ ಅಂಗಡಿಯ ಕಥೆಗೇ ಹೆಚ್ಚು ಹೆದರಿಕೆ ಆಗುತ್ತಿತ್ತು.

‘ನನ್ನ ಕಡಿಂದ ಆಗಂಗಿಲ್ಲಪಾ’ ಎಂದೆ.

‘ಆಗಂಗಿಲ್ಲ ಅಂದ್ರ ಯಾರು ಮಾಡ್ತಾರ? ನಾ ಈ ಪಟ್ಟಿ ಕಟ್ಟಿಕೊಂಡು ಕುಂಡ್ರಲೇನು? ಮಂದಿ ನನ್ನ ನೋಡಿ ಸೀರಿ ತಗೋತಾರೋ ಓಡಿ ಹೋಗ್ತಾರೋ?’ ಎಂದರು ಅಪ್ಪ. ಆಮೇಲೆ ದನಿ ತಗ್ಗಿಸಿದರು. ‘ನೋಡ ಯವ್ವಾ, ಗಾದಿ ಮ್ಯಾಲ ಕುಂತಾಗ ಇಲ್ಲ ಅನಬ್ಯಾಡ. ಎರಡೂ ಕಡಿಯವರ ನಡಕ ಬಾಯಿ ಹಾಕಬ್ಯಾಡ. ಮತ್ತ ಗಿರಾಕಿ ಜೋಡಿ ಗಿರಾಕಿ ಇರಬೇಕು, ಬೀಗರ ಆಗಬಾರದು. ಇಷ್ಟ ತಿಳಕೊ, ಸಾಕು.’

ಅಂಗಡಿಯಲ್ಲಿ ನಮ್ಮ ಹಳೆಯ ಕೆಲಸದ ಕಾಕಾ ಇದ್ದರು. ನಾನು ಹುಟ್ಟುವ ಮೊದಲಿನಿಂದಲೂ ಇದ್ದವರು. ‘ನಾ ಇದ್ದೇನಲ್ಲ, ಹೆದರತೀ ಯಾಕ?’ ಎಂದು ಅವರೂ ಹೇಳಿದರು. ಹೆದರಬೇಡ ಎಂದು ಇಬ್ಬರು ಹೇಳಿದ ಮೇಲೆ ನನ್ನ ಹೆದರಿಕೆ ಇನ್ನೂ ಗಟ್ಟಿಯಾಯಿತು.

ಹುಡುಗನ ಕಡೆಯವರು ಕ್ರೂಸರ್ ಗಾಡಿ ತುಂಬ ಬಂದರು. ಮಹಾಲಿಂಗಪುರದಲ್ಲಿ ಬೆಲ್ಲದ ವ್ಯಾಪಾರದ ಮನೆತನ. ಹುಡುಗ ಬಂದಿರಲಿಲ್ಲ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ಕಬ್ಬು ನುರಿಸುವ ದಿನಗಳಲ್ಲಿ ರಜೆ ಸಿಗುವುದಿಲ್ಲವಂತೆ. ಅವನ ತಾಯಿ ಮೆತ್ತಗಿನ ಹೆಂಗಸು, ಬಂದವಳೇ ಗೋಡೆಗೆ ಆತು ಕೂತಳು. ಮುಂದಾಳು ಆದವಳು ಹುಡುಗನ ಸೋದರತ್ತೆ. ಮೂಗಿನ ತುಂಬ ನತ್ತು, ಕೈತುಂಬ ಹಸಿರು ಬಳೆ. ಮಾತಾಡುವ ಮೊದಲು ಬಳೆಗಳನ್ನು ಹಿಂದಕ್ಕೆ ಸರಿಸಿಕೊಳ್ಳುವ ಅಭ್ಯಾಸ. ಆ ಸದ್ದು ಕೇಳಿದರೆ ಸಾಕು, ಅವರ ಮನೆಯ ಹೆಂಗಸರೆಲ್ಲ ಸುಮ್ಮನಾಗುತ್ತಿದ್ದರು.

ಹುಡುಗಿಯ ಕಡೆಯಿಂದ ಬಂದವರು ಇಬ್ಬರೇ. ಹುಡುಗಿ ಮತ್ತು ಅವಳ ತಂದೆ. ಬೀಳಗಿ ಕಡೆಯ ಗಲಗಲಿಯವರು, ಕೃಷ್ಣೆಯ ದಂಡೆಯಲ್ಲಿ ಹೊಲ. ಹುಡುಗಿಗೆ ತಾಯಿ ಇಲ್ಲ, ಅಕ್ಕತಂಗಿಯರಿಲ್ಲ. ತಂದೆ ಹೆಗಲ ಮೇಲಿನ ಟವೆಲನ್ನು ತೊಡೆಯ ಮೇಲಿಟ್ಟುಕೊಂಡು, ಅಷ್ಟು ಹೆಂಗಸರ ನಡುವೆ ಎತ್ತ ನೋಡಬೇಕೆಂದು ತಿಳಿಯದೆ ಫ್ಯಾನನ್ನು ನೋಡುತ್ತ ಕೂತರು. ಹುಡುಗಿ ನನಗಿಂತ ಒಂದೆರಡು ವರ್ಷ ಸಣ್ಣವಳಿರಬೇಕು. ಅವಳ ಕಾಲ್ಬೆರಳುಗಳು ಗಾದಿಯ ಹೊದಿಕೆಯನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಿದ್ದವು. ನನ್ನ ಕಾಲ್ಬೆರಳುಗಳೂ ಅದನ್ನೇ ಮಾಡುತ್ತಿದ್ದವು.

ಕಾಕಾ ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿ ಹರವಿದರು. ಸೋದರತ್ತೆ ಒಂದೊಂದರ ಅಂಚನ್ನೂ ಬೆರಳಿನಿಂದ ತಿಕ್ಕಿ ನೋಡಿ ಬದಿಗೆ ಸರಿಸಿದಳು. ‘ಇದು ಮುದುಕ್ಯಾರದು.’ ‘ಇದರ ಬಣ್ಣ ಬಿಡತೈತಿ, ನಾ ಬಲ್ಲೆ.’ ಹುಡುಗಿಯನ್ನು ಯಾರೂ ಕೇಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಕಾಕಾ ಮೇಲಿನ ಕಪಾಟಿನಿಂದ ಅರಿಷಿಣ ಮೈಗೆ ಕುಂಕುಮ ಬಣ್ಣದ ಅಗಲ ಅಂಚಿದ್ದ ಒಂದು ಸೀರೆ ತೆಗೆದರು. ನಮ್ಮ ಊರಿನ ಕೈಮಗ್ಗದ್ದು. ಆ ಬಗೆಯವೆಲ್ಲ ಮಾರಿಹೋಗಿ ಅದೊಂದೇ ಉಳಿದಿತ್ತು. ಅದನ್ನು ಕಂಡ ಕೂಡಲೇ ಹುಡುಗಿಯ ಕಾಲ್ಬೆರಳು ನಿಂತವು. ಅವಳು ಬಾಗಿ, ಒಂದೇ ಬೆರಳಿನಿಂದ ಆ ಅಂಚನ್ನು ಮುಟ್ಟಿದಳು.

ಸೋದರತ್ತೆಯೂ ‘ಹೂಂ, ಇದು ಛಲೋ ಐತಿ’ ಎಂದಳು. ನನ್ನ ಜೀವದಲ್ಲಿ ಜೀವ ಬಂತು. ಉಪ್ಪಿಟ್ಟು ಬಂತು. ಸೋದರತ್ತೆ ಕೈ ತೊಳೆಯಲು ಹಿಂದಿನ ಬಚ್ಚಲಿಗೆ ಹೋದಳು. ಹೆಂಗಸರು ತಟ್ಟೆ ಹಿಡಿದು ತಮ್ಮ ತಮ್ಮ ಮಾತಿಗೆ ಬಿದ್ದರು.

ಆಗ ನಾನು ಬುದ್ಧಿವಂತಿಕೆ ತೋರಿಸಹೋಗಿ ಶಾಣ್ಯಾತನ ಮಾಡಿದೆ.

‘ಮೈಮ್ಯಾಲ ಹಾಕ್ಕೊಂಡು ನೋಡ್ರಿ’ ಎಂದು ಹುಡುಗಿಗೆ ಹೇಳಿದೆ. ಅವಳು ಗಾಬರಿಯಿಂದ ತಲೆ ಅಲ್ಲಾಡಿಸಿದಳು. ಬೀಗರ ಮುಂದೆ ಎದ್ದು ನಿಂತು ಕನ್ನಡಿಯಲ್ಲಿ ನೋಡಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ಪಾಪ, ತನ್ನ ಮದುವೆಯ ಸೀರೆ ಹೇಗೆ ಕಾಣುತ್ತದೆಂದು ನೋಡಲೂ ಇವಳಿಗೆ ಆಗುವುದಿಲ್ಲವಲ್ಲ ಎನ್ನಿಸಿತು. ನಮ್ಮಿಬ್ಬರದೂ ಒಂದೇ ಎತ್ತರ, ಒಂದೇ ಮೈಕಟ್ಟು. ‘ನಾ ತೋರಸ್ತೇನಿ ತಡೀರಿ’ ಎಂದವಳೇ ಸೀರೆಯನ್ನು ಪೂರ್ತಿ ಬಿಡಿಸಿ, ನನ್ನ ಚೂಡಿದಾರದ ಮೇಲೆಯೇ ನೆರಿಗೆ ಹಿಡಿದು ಉಟ್ಟು, ಸೆರಗು ಹೊದ್ದು ಅವಳ ಮುಂದೆ ತಿರುಗಿ ನಿಂತೆ. ಹುಡುಗಿ ಅಂದು ಮೊದಲ ಸಲ ನಕ್ಕಳು. ಹಿಂದೆ ಬಳೆಗಳ ಸದ್ದಾಯಿತು.

‘ಯವ್ವಾ! ಮದಿಮಗಳ ಸೀರಿ ಘಳಿಗಿ ಮುರದ ಬಿಟ್ಟಾಳಲ್ಲ ಈಕಿ!’

ಹೊಸ ಸೀರೆಯ ಮಡಿಕೆ ಬಿಚ್ಚಿ ಮೊದಲ ಸಲ ಉಡುವುದಕ್ಕೆ ನಾವು ಘಳಿಗೆ ಮುರಿಯುವುದು ಎನ್ನುತ್ತೇವೆ. ಯಾರ ಸೀರೆಯೋ ಅವರೇ ಮುರಿಯಬೇಕು. ಇಲ್ಲವೇ ಪ್ರೀತಿಯಿಂದ ಅಕ್ಕನಿಗೋ ತಂಗಿಗೋ ‘ನೀ ಘಳಿಗಿ ಮುರಿ’ ಎಂದು ಕೊಡುತ್ತಾರೆ. ಪರಕೀಯರಿಗೆ ಕೊಡುವುದಿಲ್ಲ. ಮುಹೂರ್ತದ ಸೀರೆಯಂತೂ ದೂರದ ಮಾತು. ನಮ್ಮ ಕಾಕಾ ದಿನಕ್ಕೆ ಎಷ್ಟು ಸೀರೆ ಹೆಗಲ ಮೇಲೆ ಹಾಕಿಕೊಂಡು ಸೆರಗು ತೋರಿಸುತ್ತಾರೋ ದೇವರೇ ಬಲ್ಲ. ಗಂಡಸು, ಅದೂ ಅಂಗಡಿಯವನು, ಅದು ಉಟ್ಟಂತಲ್ಲ. ನಾನು ಲಗ್ನದ ವಯಸ್ಸಿಗೆ ಬಂದ ಹುಡುಗಿ, ನೆರಿಗೆ ಹಿಡಿದು ಉಟ್ಟು ನಿಂತಿದ್ದೆ. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಆ ಕ್ಷಣ ಹೊಳೆಯಲಿಲ್ಲ. ಮೂರು ವರ್ಷ ಓದಿದ್ದು ತಲೆಯಲ್ಲಿ ತುಂಬಿಕೊಂಡು, ಹುಟ್ಟಿದಾಗಿನಿಂದ ಕೇಳಿದ್ದು ಹೊರಗೆ ಬಿದ್ದುಹೋಗಿತ್ತು.

ಸೀರೆ ಬಿಚ್ಚುವ ಗಡಿಬಿಡಿಯಲ್ಲಿ ನೆರಿಗೆಯೇ ಕಾಲಿಗೆ ಸಿಕ್ಕಿಕೊಂಡಿತು. ‘ತಪ್ಪಾತ್ರಿ ಅತ್ತಿ, ತಿಳೀಲಿಲ್ಲರಿ’ ಎಂದೆ.

‘ಬ್ಯಾರೆ ತಗೀರಿ. ಇದು ಬ್ಯಾಡ’ ಎಂದಳು ಸೋದರತ್ತೆ ಕಾಕಾನಿಗೆ.

ಅಲ್ಲಿಗೆ ಮುಗಿಯಬೇಕಿತ್ತು. ಕಾಕಾ ಆಗಲೇ ಬೇರೆ ಸೀರೆಗೆ ಕೈ ಹಾಕಿದ್ದರು. ಅಷ್ಟರಲ್ಲಿ ಹುಡುಗಿ, ತಲೆ ಎತ್ತದೆ, ‘ನನಗ ಅದ ಬೇಕ್ರಿ’ ಎಂದಳು.

ಹಿಂದಿನ ಓಣಿಯ ಪಾವರ್‌ಲೂಮ್‌ಗಳ ಖಟಖಟ ಮಾತ್ರ ಕೇಳುತ್ತಿತ್ತು. ಸೋದರತ್ತೆ ಬಳೆ ಸರಿಸಿದಳು.

‘ಏನಂದಿ?’

‘ಅದ ಬೇಕ್ರಿ.’

‘ಈಗ ಸೀರಿ ಸಲುವಾಗಿ ಇಷ್ಟು ಹಟ. ನಾಳಿ ಮನಿಗೆ ಬಂದ ಮ್ಯಾಲ ಏನೇನು ಕೇಳ್ತಾಳೋ ಯಾರ ಬಲ್ಲರು. ತಾಯಿ ಇಲ್ಲದ ಕೂಸು, ಹೇಳವರು ಕೇಳವರು ಇಲ್ಲದ ಬೆಳದೈತಿ. ನಾ ಮೊದಲ ಹೇಳಿದ್ನಿ.’

ಆ ಮಾತು ಹೊರಗೆ ಬಿದ್ದ ಮೇಲೆ ಹುಡುಗನ ತಾಯಿಯೇ ಮುಖ ಕೆಳಗೆ ಹಾಕಿದಳು. ಹುಡುಗಿಯ ತಂದೆ ಫ್ಯಾನಿನಿಂದ ಕಣ್ಣು ಇಳಿಸಿದರು. ಸಿಟ್ಟಿನ ಮಾತೊಂದನ್ನೂ ಆಡಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ‘ಏಳ ಮಗಳ, ಹೋಗೂಣು’ ಎಂದರು.

ಅವರು ಗಾದಿಯ ಅಂಚಿಗೆ ಬಂದು ಒಂದು ಕಾಲು ಕೆಳಗಿಟ್ಟರು. ನನ್ನ ಕಣ್ಣಿಗೆ ಆ ಕಾಲಷ್ಟೇ ಕಾಣುತ್ತಿತ್ತು. ಒಡೆದ ಹಿಮ್ಮಡಿ, ಕಪ್ಪು ಮಣ್ಣು. ಇನ್ನೊಂದು ಕಾಲು ಇಳಿದರೆ ಮುಗಿಯಿತು. ಈ ಹುಡುಗಿಯ ಸಂಬಂಧ ನನ್ನಿಂದ ಮುರಿಯಿತು. ಊರೂರಿಗೆ ಸುದ್ದಿ ಹೋಗುತ್ತದೆ, ಗಲಗಲಿಯ ಹುಡುಗಿ ಬಸ್ತಾದ ಗಾದಿಯಿಂದ ಎದ್ದು ಬಂದವಳು ಎಂದು. ಆಮೇಲೆ ಅವಳನ್ನು ಯಾರು ಕೇಳಿಕೊಂಡು ಬರುತ್ತಾರೆ? ನಮ್ಮ ಅಂಗಡಿಗಾದರೂ ಯಾರು ಬರುತ್ತಾರೆ? ಮೇಲೆ ಕಣ್ಣು ಕಟ್ಟಿಕೊಂಡು ಮಲಗಿದ ಅಪ್ಪನಿಗೆ ನಾನು ಏನೆಂದು ಹೇಳಲಿ? ಆ ಗಾದಿಯ ಮೇಲೆ ನನ್ನಷ್ಟು ನಿರುಪಯೋಗಿ ಜೀವ ಇನ್ನೊಂದಿರಲಿಲ್ಲ.

‘ಅಪ್ಪಾ, ತಡಿ’ ಎಂದಳು ಹುಡುಗಿ. ಸೋದರತ್ತೆಯ ಕಡೆ ತಿರುಗಿ ಕೇಳಿದಳು, ‘ಅತ್ತೀ, ಅಕ್ಕ ಘಳಿಗಿ ಮುರದ್ರ ನಡೀತೈತಿ ಹೌದಲ್ರಿ?’

‘ನಡೀತೈತಿ. ನಿನಗೆಲ್ಲಿ ಅಕ್ಕ ಅದಾಳ?’

ಹುಡುಗಿ ನನ್ನ ಕೈ ಹಿಡಿದಳು. ಮಂಜಿನಂಥ ಕೈ. ‘ಈಕಿ ನಮ್ಮಕ್ಕ ಅಂತ ತಿಳೀರಿ’ ಎಂದಳು.

ಗೋಡೆಗೆ ಆತು ಕೂತಿದ್ದ ಹುಡುಗನ ತಾಯಿ ಆಗ ಬಾಯಿ ಬಿಟ್ಟಳು. ‘ನನ್ನ ಮುಹೂರ್ತದ ಸೀರಿ ಘಳಿಗಿ ನಮ್ಮಕ್ಕನ ಮುರದಿದ್ಲು. ಏನ್ ಕೆಟ್ಟ ಆಗೈತಿ ಹೇಳ್ರಿ?’

ಸೋದರತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಸುಲಭಕ್ಕೆ ಸೋಲುವ ಹೆಂಗಸಲ್ಲ ಅವಳು. ‘ಬಾಯಿಲೆ ಅಕ್ಕ ಅಂದ್ರ ಆಗಂಗಿಲ್ಲವಾ. ಅಕ್ಕ ಆದಾಕಿ ಮದಿವ್ಯಾಗ ಬಾಜೂಕ ನಿಂತು ಕಳಸ ಹಿಡೀಬೇಕು. ಹಿಡೀತಾಳೇನು ಕೇಳು.’

ಎಲ್ಲರೂ ನನ್ನ ಕಡೆ ನೋಡಿದರು. ಹುಡುಗಿಯ ತಂದೆಯ ಒಂದು ಕಾಲು ಇನ್ನೂ ಕೆಳಗೇ ಇತ್ತು. ‘ಹಿಡೀತೇನ್ರಿ’ ಎಂದೆ. ಯೋಚಿಸಿ ಹೇಳಿದ್ದಲ್ಲ. ಆ ಹೊತ್ತಿಗೆ ಹೊಳೆಗೆ ಹಾರುತ್ತೀಯಾ ಎಂದು ಕೇಳಿದ್ದರೂ ಹಾರತೇನ್ರಿ ಎನ್ನುತ್ತಿದ್ದೆ.

ಆ ಕಾಲು ಮೇಲೆ ಬಂತು. ಸೀರೆಗೆ ಅರಿಷಿಣ ಕುಂಕುಮ ಬಿತ್ತು. ಉಳಿದ ಬಸ್ತಾ ಹೇಗೆ ಮುಗಿಯಿತೋ ನನಗೆ ನೆನಪಿಲ್ಲ. ಸಂಜೆ ಎಲ್ಲರೂ ಚಪ್ಪಲಿ ಹುಡುಕುವಾಗ ಹುಡುಗಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. ‘ನೀವು ಬರದಿದ್ರೂ ನಡೀತೈತ್ರಿ ಅಕ್ಕಾರ. ಆ ಹೊತ್ತಿಗೆ ಏನರೆ ಒಂದು ಹೇಳಿ ಸುಧಾರಿಸ್ತೇನ್ರಿ. ನೀವು ಹೆದರಬ್ಯಾಡ್ರಿ.’ ನನ್ನ ಮುಖದ ಮೇಲೆ ಹೆದರಿಕೆ ಅಷ್ಟು ಸ್ಪಷ್ಟವಾಗಿ ಬರೆದಿತ್ತು. ಮದುವೆ ಅವಳದು, ಅವಮಾನವಾದದ್ದು ಅವಳಿಗೆ, ಸಮಾಧಾನ ಮಾಡುತ್ತಿದ್ದವಳೂ ಅವಳೇ. ನನಗೆ ನಾಚಿಕೆಯಾಯಿತು, ಆದರೂ ಒಳಗೊಳಗೆ ಹಗುರವೆನ್ನಿಸಿತು. ಬಿಡು, ಹೋಗಬೇಕಾಗಿಲ್ಲ.

ಮೇಲೆ ಹೋಗಿ ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ. ಕಾಕಾ ಮೊದಲೇ ಹೇಳಿಬಿಟ್ಟಿದ್ದರೆಂದು ಆಮೇಲೆ ಗೊತ್ತಾಯಿತು. ಅಪ್ಪ ಕಣ್ಣಿನ ಪಟ್ಟಿಯ ಅಂಚು ಸರಿಮಾಡಿಕೊಂಡರು.

‘ಬೀಗರ ಆಗಬ್ಯಾಡ ಅಂತ ಹೇಳಿದ್ನಿ. ಮೊದಲನೇ ದಿನಾನ ಅಕ್ಕ ಆಗಿ ಕುಂತಿ’ ಎಂದರು. ‘ಹಿಂಗ ಸೀರಿಗೊಬ್ಬ ತಂಗಿ ಮಾಡಕೊಂಡ್ರ ನಿನ್ನ ಕಳಸ ಹಿಡಿಯೂದ್ರಾಗ ಅಂಗಡಿ ಯಾರು ನೋಡವರು?’

‘ಬರದಿದ್ರೂ ನಡೀತೈತಿ ಅಂದಾಳಪಾ ಆಕಿ.’

‘ಆಕಿ ಅಂತಾಳ. ನೀ ಏನಂದಿ?’

‘ಹಿಡೀತೇನಿ ಅಂದೇನಿ.’

‘ಮತ್ತ?’ ಎಂದು ಗೋಡೆಯ ಕಡೆ ಹೊರಳಿ ಮಲಗಿದರು.

ಆ ‘ಮತ್ತ’ ನನ್ನ ಜೊತೆ ಎಷ್ಟೋ ದಿನ ಇತ್ತು. ವ್ಯಾಪಾರದಲ್ಲಿ ಮಾತು ಎಂದರೇನು ಎಂದು ಆಗ ಯೋಚಿಸಿದೆ. ದಿನವಿಡೀ ಗಾದಿಯ ಮೇಲೆ ನಾವು ಅಕ್ಕ ಎನ್ನುತ್ತೇವೆ, ತಂಗಿ, ಅವ್ವಾರ, ಮಾವಾರ ಎನ್ನುತ್ತೇವೆ. ‘ಮನಿಯವರ ಅಂತ ಹೇಳಾಕತ್ತೇನ್ರಿ’ ಎಂದು ಸೀರೆ ದಾಟಿಸುತ್ತೇವೆ. ಬೀಸುವ ಕಲ್ಲಿಗೆ ಕಾಳು ಹಾಕಿದಷ್ಟು ಸಲೀಸಾಗಿ ಸಂಬಂಧಗಳ ಹೆಸರು ಬಳಸುತ್ತೇವೆ. ಯಾರೂ ಅದನ್ನು ನಿಜವೆಂದು ತಿಳಿಯುವುದಿಲ್ಲ, ತಿಳಿಯಲೂಬಾರದು. ಅಂಥ ಒಂದು ಮಾತನ್ನು ಈ ಹುಡುಗಿ ಎತ್ತಿಕೊಂಡು ಅದರ ಮೇಲೆ ತನ್ನ ಬಾಳನ್ನೇ ಕೂರಿಸಿಬಿಟ್ಟಿದ್ದಳು. ನಾನು ಹೆದರಿ ಹೂಂ ಎಂದಿದ್ದೆ, ನಿಜ. ಆದರೆ ಕೇಳಿದವರಿಗೆ ಹೆದರಿಕೆಯ ಹೂಂ, ಪ್ರೀತಿಯ ಹೂಂ ಎಂದು ಬೇರೆ ಬೇರೆ ಕೇಳಿಸುತ್ತದೆಯೇ? ಈ ಪ್ರಶ್ನೆ ನನ್ನ ಯಾವ ಪೇಪರಿನಲ್ಲೂ ಬಂದಿರಲಿಲ್ಲ.

ಮಾಘದಲ್ಲಿ ಅವಳ ತಂದೆ ತಾವೇ ಬಂದು ಲಗ್ನಪತ್ರಿಕೆ ಕೊಟ್ಟು ಹೋದರು. ‘ಬರ್ರಿ’ ಎಂದರು, ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದರೆ ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದೆನೋ ಏನೋ.

ಮದುವೆಯ ದಿನ ಮುಧೋಳಕ್ಕೆ ಒಂದು ಬಸ್ಸು, ಅಲ್ಲಿಂದ ಗಲಗಲಿಗೆ ಇನ್ನೊಂದು. ಮದುವೆಯ ಉಡುಗೊರೆಗೆ, ಆಹೇರಿಗೆಂದು ಅಪ್ಪ ಕೊಟ್ಟ ಖಣದ ಕುಬಸದ ಬಟ್ಟೆ ಚೀಲದಲ್ಲಿತ್ತು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದು ಟ್ರ್ಯಾಕ್ಟರ್ ಅಡ್ಡ ಬಂದಾಗಲೂ ತಡವಾಗಲಿ, ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಮುಟ್ಟಲಿ ಎಂದು ಮನಸ್ಸು ಬಯಸುತ್ತಿತ್ತು. ಅಲ್ಲಿ ಯಾರಾದರೂ ನೀನು ಯಾರೆಂದು ಕೇಳಿದರೆ ಏನು ಹೇಳಲಿ? ಅವಳೇ ನನ್ನನ್ನು ನೋಡಿ ಅಯ್ಯ, ಈಕೆ ನಿಜಕ್ಕೂ ಬಂದುಬಿಟ್ಟಳಲ್ಲ ಎಂದುಕೊಂಡರೆ? ಇದು ಎಲ್ಲಕ್ಕಿಂತ ದೊಡ್ಡ ಹೆದರಿಕೆ.

ತಡವಾಗಲಿಲ್ಲ. ಅವಳನ್ನು ಒಳಗಿನ ಕೋಣೆಯಲ್ಲಿ ಕೂರಿಸಿದ್ದರು. ಓಣಿಯ ಹೆಂಗಸರು ತಲೆಗೆ ಹೂ ಮುಡಿಸುತ್ತಿದ್ದರು. ಮೈಮೇಲೆ ಅದೇ ಸೀರೆ. ನನ್ನನ್ನು ಕಂಡಾಗ ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು, ಕಣ್ಣಿನ ಕಾಡಿಗೆಯೆಲ್ಲ ಕೆನ್ನೆಗೆ ಇಳಿಯಿತು. ‘ಅಳಬ್ಯಾಡವಾ, ಈಗ ಹಚ್ಚೇವಿ’ ಎಂದು ಹೆಂಗಸರು ಬೈದರು. ನಾನು ಕಳಸ ಹಿಡಿದು ಅವಳ ಪಕ್ಕ ನಿಂತೆ. ಸೋದರತ್ತೆ ದೂರದಿಂದ ನೋಡಿ, ‘ಬಂದಾಳ ನೋಡ!’ ಎಂದಳು. ಅದರಲ್ಲಿ ಸಂತೋಷವಿತ್ತೋ ಸಿಟ್ಟಿತ್ತೋ ಈಗಲೂ ಹೇಳಲಾರೆ.

ಊಟವಾದ ಮೇಲೆ ಮದುಮಗಳನ್ನು ಕಳಿಸುವ ಹೊತ್ತು ಬಂತು. ನಾನು ಕಡೆಯ ಬಸ್ಸಿನ ಲೆಕ್ಕ ಹಾಕುತ್ತಿದ್ದೆ. ಮರುದಿನ ನಮ್ಮಲ್ಲಿ ಇನ್ನೊಂದು ಬಸ್ತಾ ಇತ್ತು. ಒಪ್ಪಿಕೊಂಡ ಕೆಲಸ ಮುಗಿಯಿತು, ಯಾರ ಋಣವೂ ಉಳಿಯಲಿಲ್ಲ ಎಂದು ಎದೆ ತಣ್ಣಗಾಗುತ್ತಿತ್ತು.

ಕ್ರೂಸರ್ ಬಾಗಿಲಿಗೆ ಬಂದು ನಿಂತಿತು. ಅಳಿಯ, ಅವನ ತಾಯಿ, ಸೋದರತ್ತೆ ಹತ್ತಿದರು. ಹೊಸ ಹುಡುಗಿಯನ್ನು ಗಂಡನ ಮನೆಗೆ ಒಬ್ಬಳನ್ನೇ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ತವರಿನ ಹೆಂಗಸು ಒಬ್ಬಳು ಜೊತೆಗೆ ಹೋಗಿ, ನಾಲ್ಕು ದಿನ ಇದ್ದು, ಹುಡುಗಿಗೆ ಆ ಮನೆಯ ನೀರು ನಿಡಿ ಪರಿಚಯವಾದ ಮೇಲೆ ಬರಬೇಕು. ಪಕ್ಕದ ಮನೆಯವಳೊಬ್ಬಳು ಹೋಗುವುದೆಂದು ಆಗಿತ್ತಂತೆ. ಮಧ್ಯಾಹ್ನ ಅವಳ ಕೂಸಿಗೆ ಜ್ವರ ಬಂದು ಬರುವುದಿಲ್ಲವೆಂದು ಹೇಳಿ ಕಳಿಸಿದ್ದಳು.

‘ಜೋಡಿ ಯಾರ ಬರ್ತಾರ?’ ಎಂದು ಸೋದರತ್ತೆ ಗಾಡಿಯೊಳಗಿನಿಂದ ಕೇಳಿದಳು.

ತಂದೆ ಸುತ್ತಲೂ ನೋಡಿದರು. ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳಿಗೆ ದನ, ಒಬ್ಬಳಿಗೆ ಅತ್ತೆ, ಒಬ್ಬಳಿಗೆ ಮಕ್ಕಳ ಪರೀಕ್ಷೆ. ಯಾರದೂ ಸುಳ್ಳಲ್ಲ. ಆ ಮನುಷ್ಯ ಟವೆಲಿನ ತುದಿಯನ್ನು ಹಿಂಡುತ್ತ ನಿಂತರು. ಹುಡುಗಿ ಮಾತ್ರ ಯಾರ ಕಡೆಯೂ ನೋಡಲಿಲ್ಲ. ನನ್ನ ಕಡೆಯಂತೂ ನೋಡಲೇ ಇಲ್ಲ. ನೋಡಬಾರದೆಂದು ಹಟ ಹಿಡಿದವಳ ಹಾಗೆ ತನ್ನ ಕಾಲುಂಗುರ ನೋಡುತ್ತಿದ್ದಳು. ಅವಳು ನೋಡಿದ್ದರೆ ನಾನು ಬಹುಶಃ ನೆಪ ಹೇಳುತ್ತಿದ್ದೆ.

ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಮನೆ. ಬೆಳಗಾದರೆ ಎದುರಿಗೆ ಆ ಬಳೆಗಳು. ಉಡಲು ಎರಡನೆಯ ಸೀರೆ ಇಲ್ಲ. ಅಂಗಡಿಯಲ್ಲಿ ಮರುದಿನದ ಗಾದಿ. ಅಪ್ಪನ ಬಾಯಿ. ಎಲ್ಲ ಹೆದರಿಕೆಗಳೂ ಒಮ್ಮೆಲೇ ಬಂದು ನಿಂತವು. ಒಂದೂ ಕಡಿಮೆಯಾಗಲಿಲ್ಲ, ದೇವರಾಣೆ. ಅವನ್ನೆಲ್ಲ ಹೊತ್ತುಕೊಂಡೇ ಹೋಗಿ ಗಾಡಿ ಹತ್ತಿದೆ. ‘ನಾ ಬರ್ತೇನ್ರಿ’ ಎಂದದ್ದು ಹತ್ತಿ ಕೂತ ಮೇಲೆ. ಹುಡುಗಿಯ ತಂದೆ ನನಗೆ ಕೈ ಮುಗಿಯಲು ಬಂದರು, ನಾನು ಮುಖ ತಿರುಗಿಸಿಕೊಂಡೆ. ಅತ್ತುಬಿಡುತ್ತಿದ್ದೆ.

ಊರು ದಾಟಿ ಗಾಡಿ ಮುಧೋಳದ ದಾರಿ ಹಿಡಿಯಿತು. ಎಲ್ಲರೂ ಸುಸ್ತಾಗಿದ್ದರು. ಹುಡುಗಿ ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ನನ್ನ ಕಿವಿಗೆ ಬಾಯಿ ಹಚ್ಚಿ, ಯಾರಿಗೂ ಕೇಳದ ಹಾಗೆ, ನಾಚಿಕೊಂಡು ಕೇಳಿದಳು.

‘ಅಕ್ಕಾ, ಅಲ್ಲಿ ಮಂದಿ ಕೇಳ್ತಾರ. ನಿನ್ನ ಹೆಸರೇನು?’

ಹೇಳಿದೆ. ಅವಳು ಅದನ್ನು ತುಟಿಯೊಳಗೆ ಒಂದೆರಡು ಸಲ ಅಂದುಕೊಂಡಳು, ತಪ್ಪಬಾರದೆಂದು.